ವೈರೋ ಬ್ಯಾಟರಿಯೋ: ಮೊದಲು ಕೆಲಸದ ನಿಮಿಷ ಲೆಕ್ಕ ಹಾಕಿ

ಐಟಿಐ ಮುಗಿಸಿ ಸ್ವಂತ ಕೆಲಸಕ್ಕೆ ಇಳಿಯುವ ಹುಡುಗರು, ವರ್ಷಾನುಗಟ್ಟಲೆ ಉಳಿ ಹಿಡಿದ ಆಚಾರಿಗಳು, ಫ್ಲ್ಯಾಟುಗಳ ವಯರಿಂಗ್ ಗುತ್ತಿಗೆ ಹಿಡಿಯುವವರು, ಇವರೆಲ್ಲ ನನ್ನನ್ನು ಕಂಡಾಗ ಕೇಳುವುದು ಒಂದೇ ಪ್ರಶ್ನೆ: ‘ಬ್ಯಾಟರಿಯದ್ದು ತೆಗೊಳ್ಳುವುದಾ, ಕರೆಂಟಿನದ್ದು ತೆಗೊಳ್ಳುವುದಾ?’ ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬಂದಿರುತ್ತಾರೆ. ಮೊಬೈಲಿನಲ್ಲಿ ವಿಡಿಯೊ ನೋಡಿದ ಹುಡುಗರಿಗೆ ಬ್ಯಾಟರಿಯೇ ಆಗಬೇಕು. ಹಳಬರಿಗೆ ಬ್ಯಾಟರಿಯ ಮೆಷಿನ್ ಎಂದರೆ ಮಕ್ಕಳ ಆಟದ ಸಾಮಾನು. ಎರಡು ಮಾತನ್ನೂ ನಾನು ಒಪ್ಪುವುದಿಲ್ಲ. ಅವರನ್ನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಒಮ್ಮೆ ಸ್ವಿಚ್ ಒತ್ತಿದರೆ ಎಷ್ಟು ಹೊತ್ತು ಬಿಡದೆ ಒತ್ತಿಕೊಂಡೇ ಇರುತ್ತೀರಿ? ಸೆಕೆಂಡಿನ ಲೆಕ್ಕವಾದರೆ ಬ್ಯಾಟರಿ ಕೊಳ್ಳಿ. ನಿಮಿಷದ ಲೆಕ್ಕವಾದರೆ ವೈರಿನದ್ದೇ ಕೊಳ್ಳಿ.

ಇದು ಬರೀ ಅಂದಾಜಿನ ಮಾತಲ್ಲ, ಬ್ಯಾಟರಿಯ ಬೆನ್ನ ಮೇಲೆ ಬರೆದಿರುವ ಲೆಕ್ಕ. ಅಲ್ಲಿ ಎರಡು ಸಂಖ್ಯೆಗಳಿರುತ್ತವೆ, ವೋಲ್ಟ್ ಒಂದು, ಆಂಪಿಯರ್-ಅವರ್ ಇನ್ನೊಂದು. ಎರಡನ್ನೂ ಗುಣಿಸಿದರೆ ಅದರೊಳಗೆ ತುಂಬಿರುವ ಶಕ್ತಿ ವಾಟ್-ಅವರ್‌ನಲ್ಲಿ ಸಿಗುತ್ತದೆ. 18 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 90 ವಾಟ್-ಅವರ್. ನಮ್ಮ ಮೇಸ್ತ್ರಿಗಳು ಟೈಲ್ಸ್ ಕೊಯ್ಯುವ 1400 ವಾಟಿನ ಮಾರ್ಬಲ್ ಕಟ್ಟರ್ ಪೂರ್ತಿ ಭಾರದಲ್ಲಿ ಓಡಿದರೆ ಅಷ್ಟು ಶಕ್ತಿಯನ್ನು ನಾಲ್ಕು ನಿಮಿಷದೊಳಗೆ ಕುಡಿದು ಮುಗಿಸುತ್ತದೆ. 850 ವಾಟಿನ ನಾಲ್ಕಿಂಚಿನ ಗ್ರೈಂಡರ್‌ಗೆ ಆರು ನಿಮಿಷ ಚಿಲ್ಲರೆ. ಬ್ಯಾಟರಿ ಮೆಷಿನ್‌ಗಳ ಬ್ರಷ್‌ಲೆಸ್ ಮೋಟರ್ ಶಕ್ತಿಯನ್ನು ಕಡಿಮೆ ಪೋಲು ಮಾಡುತ್ತದೆ, ಹಾಗಾಗಿ ಇನ್ನೂ ಸ್ವಲ್ಪ ಹೊತ್ತು ಓಡೀತು. ಆದರೂ ಒಂದು ಬಾತ್‌ರೂಮಿನ ಟೈಲ್ಸ್ ಕೊಯ್ಯುವಷ್ಟರಲ್ಲಿ ನಾಲ್ಕು ಬ್ಯಾಟರಿ ಬದಲಾಯಿಸುವವನ ದಿನಗೂಲಿ ಹುಟ್ಟುವುದಿಲ್ಲ.

ಅದೇ ಬ್ಯಾಟರಿಯನ್ನು ತೂತು ಕೊರೆಯುವ ಕೆಲಸಕ್ಕೆ ಹಾಕಿ ನೋಡಿ. ಕಾಂಕ್ರೀಟಿನಲ್ಲಿ 6 ಎಂಎಂ ತೂತೊಂದಕ್ಕೆ ಹತ್ತು ಹನ್ನೆರಡು ಸೆಕೆಂಡು, 400 ವಾಟ್ ಎಂದು ಧಾರಾಳವಾಗಿ ಹಿಡಿದರೂ ಖರ್ಚಾಗುವುದು ಒಂದೂಕಾಲು ವಾಟ್-ಅವರ್ ಆಸುಪಾಸು. ಒಂದು ಚಾರ್ಜಿನಲ್ಲಿ ಅರುವತ್ತು ಎಪ್ಪತ್ತು ತೂತು ಕೊರೆಯಬಹುದು. ಒಂದು ಫ್ಲ್ಯಾಟಿನ ಕರ್ಟನ್ ರಾಡು, ಕನ್ನಡಿ, ಟಿವಿ ಸ್ಟ್ಯಾಂಡು, ಗೀಸರು ಎಲ್ಲ ಸೇರಿಸಿದರೂ ಅಷ್ಟು ಬೇಕಾಗುವುದಿಲ್ಲ. ಸ್ಕ್ರೂ ಬಿಗಿಯುವ ಕೆಲಸವಂತೂ ನೂರಾರರ ಲೆಕ್ಕದಲ್ಲಿ ಸಾಗುತ್ತದೆ.

ಹಳಬರ ಅನುಮಾನಕ್ಕೂ ಕಾರಣವಿದೆ. ಬ್ಯಾಟರಿಯ ಡ್ರಿಲ್ ಹೊಸತೇನಲ್ಲ. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಅದನ್ನು 1961ರಲ್ಲೇ ತಂದಿತ್ತು, ಜಪಾನಿನ ಮಕಿಟಾ 1969ರಲ್ಲಿ ತಂದಿತು. ಆ ಕಾಲದ ಬ್ಯಾಟರಿ ಭಾರ ಹೆಚ್ಚು, ಬಲ ಕಡಿಮೆ. ಮುಂದೆ ಬಹುಕಾಲ ನಡೆದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳೂ ಉಪಯೋಗಿಸದೆ ಇಟ್ಟರೆ ತಾವಾಗಿ ಇಳಿದು ಹೋಗುತ್ತಿದ್ದವು. ಸೋನಿ ಕಂಪನಿ 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ಬಿಟ್ಟಿತಾದರೂ ಅದು ಭಾರದ ಕೆಲಸದ ಮೆಷಿನ್‌ಗಳಿಗೆ ಏರಲು 2005ರ ಹೊತ್ತಾಯಿತು. ಇಂದಿನ 18 ವೋಲ್ಟಿನ ಡ್ರಿಲ್ಲನ್ನು ಅಂದಿನ ಡ್ರಿಲ್ಲಿನ ಜೊತೆ ಅಳೆಯುವುದು ನ್ಯಾಯವಲ್ಲ.

ಇನ್ನು ಮಂಗಳೂರಿನ ನಮ್ಮ ಬಲ್ಮಠದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮೆಷಿನ್ ಆರಿಸುವಾಗ ಕೆಲಸದಷ್ಟೇ ಮುಖ್ಯ ಗೋಡೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1841ರಲ್ಲಿ ಅವರ ಅಚ್ಚುಕೂಟ ಶುರುವಾಯಿತು, 1894ರಲ್ಲಿ ಕಿಟ್ಟೆಲರ ನಿಘಂಟು ಅಲ್ಲೇ ಅಚ್ಚಾಯಿತು. ಅದರ ಮರುವರ್ಷ ಜರ್ಮನಿಯ ಸ್ಟಟ್‌ಗಾರ್ಟಿನಲ್ಲಿ ಫೈನ್ ಕಂಪನಿಯವರು ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ತಯಾರಿಸಿದರು. ಮಿಷನ್ನಿನ ಜನ ಇಲ್ಲಿ ಮುದ್ರಣ, ಮರಗೆಲಸ, ನೇಯ್ಗೆ, ಹೆಂಚು ಹೀಗೆ ಕೈಕಸುಬು ಕಲಿಸಿ ನೂರಾರು ಮನೆಗಳಿಗೆ ಅನ್ನದ ದಾರಿ ತೋರಿಸಿದವರು. ಕಸುಬುದಾರನ ಕೈಗೆ ಒಳ್ಳೆಯ ಉಪಕರಣ ಸಿಗಬೇಕೆಂಬ ಮಾತು ಬಲ್ಮಠದ ಈ ಗುಡ್ಡಕ್ಕೆ ಹಳೆಯದು. ಆ ಕಾಲದ ಕಟ್ಟಡಗಳು, ಅವುಗಳ ಮಾದರಿಯಲ್ಲಿ ಎದ್ದ ಹಳೆಯ ಮನೆಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ: ದಪ್ಪನೆಯ ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಮೇಲೆ ಪಕ್ಕಾಸು, ರೀಪು, ಹಂಚು. ಅವುಗಳ ಪಕ್ಕದಲ್ಲೇ ಕಾಂಕ್ರೀಟಿನ ಬಹುಮಹಡಿಗಳು, ಕ್ಲಿನಿಕ್ಕುಗಳು, ಕಚೇರಿಗಳು. ಬೆಳಿಗ್ಗೆ ಒಂದರಲ್ಲಿ, ಮಧ್ಯಾಹ್ನ ಇನ್ನೊಂದರಲ್ಲಿ ಕೆಲಸ ಮಾಡುವ ಎಲೆಕ್ಟ್ರಿಷಿಯನ್ನರು ಇಲ್ಲಿ ಬೇಕಾದಷ್ಟು ಜನ.

ಮುರಕಲ್ಲಿನ ಗೋಡೆಗೆ ಡ್ರಿಲ್ ಹಿಡಿದವರಿಗೆ ಗೊತ್ತು. ಬಿಟ್ ಸರಾಗ ಒಳಗೆ ಹೋಗುತ್ತದೆ, ಕೆಂಪು ಹುಡಿ ಧಾರೆಯಾಗಿ ಸುರಿಯುತ್ತದೆ, ಒಂದು ಹಂತದಲ್ಲಿ ಕಲ್ಲಿನೊಳಗಿನ ಪೊಳ್ಳಿಗೆ ಸಿಕ್ಕಿ ಕೈ ಧಡಕ್ಕೆಂದು ಮುಂದೆ ಜಾರುತ್ತದೆ. ಅಂಥ ತೂತಿಗೆ ಸಾಮಾನ್ಯ ಪ್ಲಗ್ ಹಾಕಿದರೆ ಸ್ಕ್ರೂ ತಿರುಗಿಸಿದಂತೆಲ್ಲ ಅದೂ ತಿರುಗುತ್ತದೆ. ಇಲ್ಲಿ ಹ್ಯಾಮರ್ ಬೇಡವೇ ಬೇಡ. ಹ್ಯಾಮರ್ ಹಾಕಿದರೆ ಹಳೆಯ ಗಾರೆ ಅಂಗೈಯಗಲ ಉದುರಿ ಬೀಳುತ್ತದೆ, ಮನೆಯವರ ಮುಖ ನೋಡುವುದು ಕಷ್ಟವಾಗುತ್ತದೆ. ಹ್ಯಾಮರ್ ಬಂದ್ ಮಾಡಿ, ಬರೀ ಡ್ರಿಲ್ ಇಟ್ಟು, ಬಿಟ್ಟನ್ನು ಒಂದು ಸೈಜು ಕಡಿಮೆ ಹಾಕಿ, ಪ್ಲಗ್ಗನ್ನು ಉದ್ದದ್ದು ಹಾಕಬೇಕು. ಈ ಕೆಲಸಕ್ಕೆ 12 ವೋಲ್ಟಿನ ಚಿಕ್ಕ ಬ್ಯಾಟರಿ ಡ್ರಿಲ್ಲೇ ಸಾಕು.

ಪಕ್ಕದ ಫ್ಲ್ಯಾಟಿನ ಬೀಮಿಗೆ ಅದೇ ಡ್ರಿಲ್ ಹಿಡಿದರೆ ಬಿಟ್ ಕೆಂಪಗೆ ಕಾಯುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ. ಇಲ್ಲಿ ಒಂದು ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು, ಅಂಗಡಿಯಲ್ಲಿ ಎರಡನ್ನೂ ‘ಹ್ಯಾಮರ್’ ಎಂದೇ ಕರೆದು ಮಾರುತ್ತಾರೆ. ಚಾವಿ ಹಾಕಿ ಚಕ್ ಬಿಗಿಯುವ ಮಾಮೂಲಿ ಡ್ರಿಲ್ಲಿನ ಹ್ಯಾಮರ್ ಎಂದರೆ ಹಲ್ಲುಹಲ್ಲಿನ ಎರಡು ತಟ್ಟೆಗಳು ಒಂದರ ಮೇಲೊಂದು ಜಾರಿ ಕಟಕಟನೆ ನಡುಗಿಸುವುದು, ಅಷ್ಟೆ. ಅದರ ಪೆಟ್ಟಿಗೆ ಬಲ ಬರುವುದು ನೀವು ಭುಜ ಕೊಟ್ಟು ಒತ್ತಿದಾಗ. ಎಸ್‌ಡಿಎಸ್ ಮೆಷಿನ್ ಹಾಗಲ್ಲ. ಅದರೊಳಗೆ ಸಿಲಿಂಡರು, ಪಿಸ್ಟನ್ನು ಇವೆ. ಗಾಳಿಯ ಒತ್ತಡದಿಂದ ಮುಂದೆ ಚಿಮ್ಮಿದ ಗಟ್ಟಿ ಉಕ್ಕಿನ ತುಂಡು ಬಿಟ್ಟಿನ ಬುಡಕ್ಕೆ ಬಡಿಯುತ್ತದೆ. ನೀವು ಒತ್ತುವುದೇ ಬೇಡ, ನೇರವಾಗಿ ಹಿಡಿದರೆ ಆಯಿತು. ಬಾಷ್ ಕಂಪನಿ 1975ರ ಸುಮಾರಿಗೆ ತಂದ ಈ ವ್ಯವಸ್ಥೆಯನ್ನು ಇಂದು ಎಲ್ಲ ಕಂಪನಿಗಳೂ ಬಳಸುತ್ತವೆ. ಕಾಂಕ್ರೀಟಿನಲ್ಲಿ ದಿನಕ್ಕೆ ಹತ್ತಕ್ಕಿಂತ ಹೆಚ್ಚು ತೂತು ಹೊಡೆಯುವವರಿಗೆ ಎರಡು ಕಿಲೋ ವರ್ಗದ ಎಸ್‌ಡಿಎಸ್ ಬೇಕೇ ಬೇಕು. ವೈರು, ಬ್ಯಾಟರಿ ಎಂಬ ಪ್ರಶ್ನೆಗಿಂತ ದೊಡ್ಡ ಪ್ರಶ್ನೆ ಇದು. ಕೆಟ್ಟ ಹ್ಯಾಮರನ್ನು ಬ್ಯಾಟರಿಯಲ್ಲಿ ಓಡಿಸಿದರೂ ಅದು ಕೆಟ್ಟ ಹ್ಯಾಮರೇ.

ಇದೇ ಊರಿನ ಹಂಚಿನ ಮಾಡಿನ ಮೇಲೆ ಹತ್ತಿದಾಗ ಮಾತ್ರ ನಾನು ಬ್ಯಾಟರಿಯ ಪರ ಎರಡು ಮಾತಿಲ್ಲದೆ ನಿಲ್ಲುತ್ತೇನೆ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪಿನಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆಯಿಂದ ಹಿಡಿದು ಇಂದಿನವರೆಗೂ ಈ ಜಿಲ್ಲೆಯಲ್ಲಿ ಮಾಡಿನ ಕೆಲಸ ತಪ್ಪಿದ್ದಲ್ಲ. ಪಕ್ಕಾಸಿನ ಮೇಲೆ ಕಾಲಿಟ್ಟು ರೀಪು ಬದಲಾಯಿಸುವವನಿಗೆ ಹಿಂದೆ ಎಳೆಯುವ ವೈರು ಎಂದರೆ ಸಾಕ್ಷಾತ್ ಅಪಾಯ. ಅದು ಹಂಚಿನ ಮೂಲೆಗೆ ಸಿಕ್ಕಿ ಎಳೆದರೆ ಮನುಷ್ಯನೇ ಕೆಳಗೆ. ಮೊಳೆ ಹೊಡೆದರೆ ಆ ಪೆಟ್ಟಿಗೆ ಅಕ್ಕಪಕ್ಕದ ಹಂಚು ಅಲುಗುತ್ತದೆ, ಒಡೆಯುವುದೂ ಉಂಟು. ಇಂಪ್ಯಾಕ್ಟ್ ಡ್ರೈವರಿನಲ್ಲಿ ಸ್ಕ್ರೂ ಬಿಗಿದರೆ ಆ ತಾಪತ್ರಯವಿಲ್ಲ. ಏಣಿ, ಅಟ್ಟಣಿಗೆ, ಮುಚ್ಚಿಗೆಯ ಮೇಲಿನ ಕತ್ತಲೆ ಮಾಳಿಗೆ, ಎಸಿಯ ಹೊರ ಯೂನಿಟ್ ಕೂರಿಸುವ ಗೋಡೆ, ಇವೆಲ್ಲ ಬ್ಯಾಟರಿಯ ಜಾಗ.

ಹಾಗೆಯೇ ಜನ ಇರುವ ಕಟ್ಟಡ. ಬಲ್ಮಠ ರಸ್ತೆಯ ಕ್ಲಿನಿಕ್ಕಿನಲ್ಲೋ ಕಚೇರಿಯಲ್ಲೋ ಕೆಲಸ ಸಿಕ್ಕರೆ ಸಂಜೆ ಬಾಗಿಲು ಹಾಕಿದ ಮೇಲೆ ಅಥವಾ ಭಾನುವಾರ ಮಾಡಬೇಕು, ಓಡಾಡುವ ಜಾಗದಲ್ಲಿ ವೈರು ಹಾಸುವಂತಿಲ್ಲ, ಪ್ಲಗ್ ಎಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಲೈನು ಹೋದರೆ ಮೆಸ್ಕಾಂನವರು ಬರುವ ತನಕ ಕೆಲಸದಾಳುಗಳು ಕೈಕಟ್ಟಿ ಕೂರಬೇಕು. ಬ್ಯಾಟರಿ ಇದ್ದವನ ಕೆಲಸ ನಿಲ್ಲುವುದಿಲ್ಲ. ಮನೆಗಳಲ್ಲಿರುವ ಚಿಕ್ಕ ಇನ್ವರ್ಟರ್ 1400 ವಾಟಿನ ಕಟ್ಟರನ್ನು ಎಳೆಯಲಾರದು, ಆದರೆ ನೂರು ವಾಟಿನ ಆಸುಪಾಸಿನ ಚಾರ್ಜರನ್ನು ಆರಾಮವಾಗಿ ಎಳೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಹೊಸದಾಗಿ ಶುರುಮಾಡುವವರು ಮೊದಲ ದುಡ್ಡನ್ನು ವೈರಿನ ಮೆಷಿನ್‌ಗೆ ಹಾಕಬೇಕೆಂಬುದು ನನ್ನ ಅಭಿಪ್ರಾಯ. ಕಾರಣ ರಿಪೇರಿ. ವೈರಿನ ಮೆಷಿನ್ ನಿಂತರೆ ಮೊದಲು ನೋಡುವುದು ಕಾರ್ಬನ್. ಬದಿಯ ಎರಡು ಮುಚ್ಚಳ ಬಿಚ್ಚಿ, ಸವೆದ ತುಂಡು ತೆಗೆದು ಹೊಸದನ್ನು ಹಾಕಲು ಐದು ನಿಮಿಷ ಸಾಕು, ಆ ಜೋಡಿಗೆ ಒಂದು ಊಟದಷ್ಟು ಖರ್ಚು. ಕಾರ್ಬನ್ ಬೆರಳುಗುರಿನಷ್ಟಕ್ಕೆ ಇಳಿಯುವ ಮೊದಲೇ ಬದಲಾಯಿಸಿದರೆ ಆರ್ಮೇಚರ್ ಉಳಿಯುತ್ತದೆ. ಕಿಟಕಿಯಲ್ಲಿ ಕಾಣುವ ಕಿಡಿ ತೆಳ್ಳಗೆ ನೀಲಿಯಾಗಿದ್ದರೆ ಹೆದರಬೇಕಾಗಿಲ್ಲ. ಕಿತ್ತಳೆ ಬಣ್ಣಕ್ಕೆ ತಿರುಗಿ ಸುತ್ತಲೂ ಬಳಸಿ ಬರುತ್ತಿದ್ದರೆ ಆ ಕ್ಷಣವೇ ನಿಲ್ಲಿಸಿ. ಆರ್ಮೇಚರ್ ಸುಟ್ಟರೂ ವೈಂಡಿಂಗ್ ಮಾಡಿಕೊಡುವ ಕೈಗಳು ಮಂಗಳೂರಿನಲ್ಲಿವೆ. ಬ್ಯಾಟರಿ ಮೆಷಿನ್ನಿನ ಸರ್ಕ್ಯೂಟ್ ಬೋರ್ಡು ಹೋದರೆ ಇಡೀ ಬೋರ್ಡೇ ಬದಲಾಗಬೇಕು. ಬ್ಯಾಟರಿ ಮುದಿಯಾದರೆ ಹೊಸದೇ ಗತಿ. ಸೆಲ್ ಬದಲಾಯಿಸಿ ಕೊಡುತ್ತೇನೆಂದು ಹೇಳುವವರಿದ್ದಾರೆ. ಅಳತೆ ಕೂಡದ ಸೆಲ್ಲುಗಳನ್ನು ಬೆಸೆದ ಲಿಥಿಯಂ ಪ್ಯಾಕನ್ನು ಮಕ್ಕಳು ಮಲಗುವ ಮನೆಯೊಳಗೆ ರಾತ್ರಿ ಚಾರ್ಜಿಗೆ ಇಡಲು ನಾನಂತೂ ಯಾರಿಗೂ ಹೇಳಲಾರೆ.

ವೈರಿನ ಮೆಷಿನ್ನಿಗೂ ಅದರದೇ ಶತ್ರುಗಳಿವೆ. ಎಲ್ಲಕ್ಕಿಂತ ದೊಡ್ಡದು ತೆಳುವಾದ ಎಕ್ಸ್‌ಟೆನ್ಶನ್ ವೈರು. ಅರ್ಧ ಊರಿನುದ್ದದ ಮುಕ್ಕಾಲು ಎಂಎಂ ವೈರನ್ನು ಸುರುಳಿ ಬಿಚ್ಚದೆಯೇ ಕಟ್ಟರಿಗೆ ಹಾಕುವುದನ್ನು ನಾವೆಲ್ಲ ನೋಡುತ್ತೇವೆ. ಐವತ್ತು ಮೀಟರಿಗೆ ಹೋಗುವ ಬರುವ ತಾಮ್ರ ಸೇರಿ ನೂರು ಮೀಟರ್. ಆರು ಆಂಪಿಯರ್ ಹರಿದರೆ ಅದರಲ್ಲೇ 14 ವೋಲ್ಟ್ ಕಳೆದುಹೋಗುತ್ತದೆ. ಮೊದಲೇ 200ಕ್ಕೆ ಇಳಿದ ಲೈನಿನಲ್ಲಿ ಇನ್ನಷ್ಟು ಇಳಿದರೆ ಮೋಟರ್ ತಿಣುಕುತ್ತದೆ, ಕೆಲಸದವನು ಇನ್ನಷ್ಟು ಒತ್ತುತ್ತಾನೆ, ಸುತ್ತು ಕಡಿಮೆಯಾಗಿ ಫ್ಯಾನಿನ ಗಾಳಿ ಸಾಲದೆ ವೈಂಡಿಂಗ್ ಸುಡುತ್ತದೆ. ಸುರುಳಿಯಲ್ಲೇ ಇರುವ ವೈರು ಒಳಗೊಳಗೆ ಕಾದು ಪ್ಲಾಸ್ಟಿಕ್ ಕರಗುತ್ತದೆ. ಎರಡೂವರೆ ಎಂಎಂ ತಾಮ್ರದ ವೈರು ಕೊಳ್ಳಿ, ಪೂರ್ತಿ ಬಿಚ್ಚಿ ಹಾಕಿ. ಇನ್ನೊಂದು, ಹಳೆಯ ಮನೆಯ ಚಿಕ್ಕ ಪ್ಲಗ್ ಪಾಯಿಂಟ್ 6 ಆಂಪಿಯರಿನದ್ದು, 1400 ವಾಟ್ ಅಲ್ಲಿಗೇ ಮುಗಿಯಿತು. ಕಟ್ಟರ್, ಬ್ರೇಕರ್‌ಗಳನ್ನು ದೊಡ್ಡ ಪವರ್ ಪ್ಲಗ್ಗಿಗೇ ಹಾಕಬೇಕು.

ಬ್ಯಾಟರಿ ಕೊಳ್ಳುವವರು ತಿಳಿದಿರಬೇಕಾದ ಮೊದಲ ಮಾತು, ಅವರು ಕೊಳ್ಳುತ್ತಿರುವುದು ಡ್ರಿಲ್ಲನ್ನಲ್ಲ, ಬ್ಯಾಟರಿಯ ಸಂಸಾರವನ್ನು. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಎರಡು ಬ್ಯಾಟರಿ, ಒಂದು ಚಾರ್ಜರ್ ಸೇರಿದರೆ ಎಷ್ಟೋ ಸಲ ಮೆಷಿನ್ನಿಗಿಂತ ಹೆಚ್ಚು ಬೆಲೆ. ಹಾಗಾಗಿ ಇವತ್ತಿನ ಡ್ರಿಲ್ ಜೊತೆಗೆ ಮುಂದಿನ ಮೂರು ವರ್ಷದಲ್ಲಿ ನಿಮಗೆ ಬೇಕಾಗುವ ಇಂಪ್ಯಾಕ್ಟ್, ಗ್ರೈಂಡರ್, ಜಿಗ್ಸಾ, ಬ್ಲೋವರ್ ಆ ಸಂಸಾರದಲ್ಲಿ ಇವೆಯೇ, ಅದರ ಸರ್ವಿಸ್ ಮಂಗಳೂರಿನಲ್ಲಿ ಇದೆಯೇ ಎಂದು ಕೇಳಿ. ಸರ್ವಿಸಿಗೆ ಬೆಂಗಳೂರಿಗೆ ಕಳಿಸಬೇಕಾದ ಮೆಷಿನ್ ಎಷ್ಟು ಒಳ್ಳೆಯದಿದ್ದರೂ ಕೂಲಿ ಮಾಡುವವನಿಗೆ ಹೊರೆ.

ವೋಲ್ಟಿನ ಅಂಕಿಗೆ ಮರುಳಾಗಬೇಡಿ. 18 ವೋಲ್ಟಿನ ಪ್ಯಾಕಿನಲ್ಲಿ 3.6 ವೋಲ್ಟಿನ ಐದು ಸೆಲ್ಲುಗಳು ಸಾಲಾಗಿರುತ್ತವೆ. ಪೂರ್ತಿ ಚಾರ್ಜಾದಾಗ ಒಂದೊಂದೂ 4.2ಕ್ಕೆ ಏರಿ ಒಟ್ಟು 21 ಆಗುತ್ತದೆ. ಹಾಗಾಗಿ 18, 20, 21 ಎಂದು ಮೂರು ಬೇರೆ ಬೇರೆ ಅಂಕಿ ಬರೆದ ಮೂರು ಪೆಟ್ಟಿಗೆಗಳಲ್ಲಿ ಇರುವುದು ಒಂದೇ ಸರಕು. ಬಹಳ ಅಗ್ಗದ ಮೆಷಿನ್‌ಗಳ ಮೇಲೆ 48, 88 ಎಂದೆಲ್ಲ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅವುಗಳಲ್ಲಿ ಹೆಚ್ಚಿನವುಗಳ ಒಳಗಿರುವುದೂ ಅದೇ ಐದು ಸೆಲ್. ನೀವು ವಾಟ್-ಅವರ್ ಕೇಳಿ. ಅದನ್ನು ಬರೆಯದ ಬ್ಯಾಟರಿಯನ್ನು ಅಲ್ಲೇ ಬಿಟ್ಟು ಬನ್ನಿ.

ಗಲ್ಫಿನಿಂದ ಬರುವ ಅಣ್ಣನೋ ಭಾವನೋ ಮೆಷಿನ್ ತರುವುದು ನಮ್ಮ ಕಡೆ ಮಾಮೂಲು. ದುಬೈಯಿಂದ ತಂದರೆ ಅಲ್ಲಿನ ಕರೆಂಟು ನಮ್ಮಂತೆಯೇ 50 ಹರ್ಟ್ಸ್, ವೋಲ್ಟೇಜೂ ಹೊಂದುತ್ತದೆ. ಅಮೆರಿಕದಿಂದ ಬಂದ 120 ವೋಲ್ಟಿನ ಚಾರ್ಜರನ್ನು ಇಲ್ಲಿಯ 230ಕ್ಕೆ ಚುಚ್ಚಿದರೆ ಹೊಗೆಯೇ ಗತಿ, ಆದ್ದರಿಂದ ಚಾರ್ಜರಿನ ಹಿಂದಿನ ಚೀಟಿ ಓದದೆ ಪ್ಲಗ್ಗಿಗೆ ಹಾಕಬೇಡಿ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿಯನ್ನು ಚೆಕ್‌ಇನ್ ಲಗೇಜಿನಲ್ಲಿ ಹಾಕುವಂತಿಲ್ಲ, ಮತ್ತು 100 ವಾಟ್-ಅವರ್ ದಾಟಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು ಎಂಬುದನ್ನು ಹೊರಡುವ ಮೊದಲೇ ಅವರಿಗೆ ಫೋನಿನಲ್ಲಿ ತಿಳಿಸಿ. ವಾರಂಟಿ ಹೆಚ್ಚಾಗಿ ಕೊಂಡ ದೇಶಕ್ಕೆ ಮಾತ್ರ ಇರುತ್ತದೆ ಎಂಬುದೂ ನೆನಪಿರಲಿ.

ನಮ್ಮ ಹವೆ ಬ್ಯಾಟರಿಗೆ ಒಗ್ಗುವುದಲ್ಲ. ಎಪ್ರಿಲ್ ಮೇ ತಿಂಗಳಲ್ಲಿ ಬೈಕಿನ ಡಬ್ಬಿಯಲ್ಲಿ, ತಗಡಿನ ಶೆಡ್ಡಿನಲ್ಲಿ ಬ್ಯಾಟರಿ ಬಿಟ್ಟರೆ ಅದರ ಆಯುಸ್ಸು ಕರಗುತ್ತದೆ. ಬಿಸಿಯಾದ ಬ್ಯಾಟರಿಯನ್ನು ಆರಲು ಬಿಟ್ಟೇ ಚಾರ್ಜಿಗೆ ಹಾಕಬೇಕು. ಮಳೆಗಾಲದಲ್ಲಿ ಕೆಲಸ ಕಡಿಮೆಯೆಂದು ಪೂರ್ತಿ ಇಳಿದ ಬ್ಯಾಟರಿಯನ್ನು ಮೂಲೆಗೆ ಹಾಕಿದವರು ಚೌತಿಯ ಹೊತ್ತಿಗೆ ತೆಗೆದರೆ ಚಾರ್ಜರ್ ಅದನ್ನು ಸ್ವೀಕರಿಸುವುದೇ ಇಲ್ಲ. ಅರ್ಧ ಚಾರ್ಜು ಮಾಡಿ ಒಣ ಜಾಗದಲ್ಲಿಡಿ. ಉಪ್ಪುಗಾಳಿಗೆ ತಾಮ್ರದ ಕಾಂಟ್ಯಾಕ್ಟುಗಳು ಹಸಿರುಗಟ್ಟುತ್ತವೆ, ಒಣ ಬಟ್ಟೆಯಲ್ಲಿ ಆಗಾಗ ಒರೆಸಿ.

ಇಷ್ಟಾದ ಮೇಲೆ ಯಾರು ಏನು ಕೊಳ್ಳಬೇಕು? ಎಲೆಕ್ಟ್ರಿಷಿಯನ್ನಾದರೆ ವೈರಿನ ಎಸ್‌ಡಿಎಸ್ ಒಂದು, ಗೋಡೆ ಕೊಯ್ಯಲು ವೈರಿನ ಕಟ್ಟರ್ ಒಂದು, ಆಮೇಲೆ 12 ವೋಲ್ಟಿನ ಬ್ಯಾಟರಿ ಡ್ರೈವರ್. ಬೋರ್ಡು, ಫ್ಯಾನು, ಲೈಟು ಕೂರಿಸುವಲ್ಲಿ ಅದು ಮಣಿಕಟ್ಟನ್ನು ಉಳಿಸುತ್ತದೆ. ಮಾಡ್ಯುಲರ್ ಕಿಚನ್ ಮಾಡುವ ಆಚಾರಿಗೆ ಮಾತ್ರ ನಾನು ಬ್ಯಾಟರಿಯನ್ನೇ ಮೊದಲು ಹೇಳುತ್ತೇನೆ: 18 ವೋಲ್ಟಿನ ಬ್ರಷ್‌ಲೆಸ್ ಡ್ರಿಲ್, ಜೊತೆಗೆ ಇಂಪ್ಯಾಕ್ಟ್ ಡ್ರೈವರ್, 4 ಆಂಪಿಯರ್-ಅವರ್‌ನ ಎರಡು ಬ್ಯಾಟರಿ. ಅವನ ದಿನದ ಮುಕ್ಕಾಲು ಭಾಗ ಸ್ಕ್ರೂವಿನದ್ದೇ. ಪ್ಲೈವುಡ್ ಕೊಯ್ಯುವ ಸರ್ಕ್ಯುಲರ್ ಸಾ, ರೂಟರ್ ವೈರಿನವೇ ಇರಲಿ. ಅಲ್ಯುಮಿನಿಯಂ ಕಿಟಕಿಯವರಿಗೂ ಹೆಚ್ಚುಕಡಿಮೆ ಇದೇ ಮಾತು. ಒಡೆಯುವ ಬ್ರೇಕರ್ ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಲೇಸು.

ಮರಗೆಲಸ, ಗಾರೆಕೆಲಸದವರಿಗೆ 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕೆಂದು 15,000 ರೂಪಾಯಿಯ ಇ-ವೋಚರ್ ಇದೆ, ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ಮುಂದೆ 2 ಲಕ್ಷ ರೂಪಾಯಿ ಸಾಲವಿದೆ. ಅದರ 18 ಕಸುಬುಗಳ ಪಟ್ಟಿಯಲ್ಲಿ ಎಲೆಕ್ಟ್ರಿಷಿಯನ್, ಪ್ಲಂಬರ್ ಇಲ್ಲ. ಇರಬೇಕಿತ್ತು ಎಂದು ನನಗನಿಸುತ್ತದೆ, ನಗರದ ಹುಡುಗರು ಹೆಚ್ಚು ಹೋಗುವುದು ಅವೆರಡಕ್ಕೇ.

ಕೊನೆಗೆ ಜೀವದ ಮಾತು. ವೈರಿನ ಮೆಷಿನ್ನಿನಲ್ಲಿ ಡಿಸ್ಕ್ ಬದಲಾಯಿಸುವಾಗ ಪ್ಲಗ್ ಕೀಳುವುದು ಅಭ್ಯಾಸವಾಗಿರುತ್ತದೆ. ಬ್ಯಾಟರಿಯದ್ದಕ್ಕೆ ಪ್ಲಗ್ಗೇ ಇಲ್ಲವಾದ್ದರಿಂದ ಆ ಅಭ್ಯಾಸ ತಪ್ಪುತ್ತದೆ, ಬೆರಳು ಸ್ವಿಚ್ಚಿಗೆ ತಾಗಿ ಡಿಸ್ಕ್ ಕೈಮೇಲೆ ತಿರುಗುತ್ತದೆ. ಮೊದಲು ಬ್ಯಾಟರಿ ಕಳಚಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ. ಅದಕ್ಕೆ ಗಾರ್ಡ್ ಕಿತ್ತು ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಹಾಗೆಯೇ ಒದ್ದೆ ನೆಲದ ಮೇಲೆ, ನೀರು ಬಿಟ್ಟು ಟೈಲ್ಸ್ ಕೊಯ್ಯುವಾಗ ನಿಮ್ಮನ್ನು ಎಂಸಿಬಿ ಕಾಯುವುದಿಲ್ಲ. ಅದು ವೈರನ್ನು ಕಾಯಲು ಇರುವುದು. ಮನುಷ್ಯನನ್ನು ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಕೆಲಸದ ಮನೆಯಲ್ಲಿ ಅದು ಇದ್ದೇ ಇರುತ್ತದೆ ಎಂದು ನಂಬಿ ಕೂರಬೇಡಿ, ನಿಮ್ಮ ಸ್ವಂತ ಎಕ್ಸ್‌ಟೆನ್ಶನ್ ಬೋರ್ಡಿಗೇ ಒಂದನ್ನು ಹಾಕಿಸಿ, ಹೊಸ ಡ್ರಿಲ್ ಕೊಳ್ಳುವ ಮೊದಲೇ, ಈ ಮಳೆಗಾಲಕ್ಕೆ ಮುಂಚೆಯೇ.